ನಾಲ್ಕು ಕವಡೆ, ಒಂದು ನೋಟ್‌ಬುಕ್: ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದ ಪದಗಳನ್ನು ಆಡುತ್ತಾ ಕಲಿಯುವುದು ಹೇಗೆ?

ಫಲಿತಗಣ, ಯಾದೃಚ್ಛಿಕ ಪ್ರಯೋಗ, ಮಾನಕ ವಿಚಲನೆ. ಶಾಲೆಯಲ್ಲಿ ಈ ಪದಗಳನ್ನು ಬಾಯಿಪಾಠ ಮಾಡಿ, ನಾಲ್ಕು ಮಾರ್ಕ್ಸ್ ತೆಗೆದುಕೊಂಡು, ಪರೀಕ್ಷೆ ಮುಗಿದ ಮಾರನೇ ದಿನವೇ ಮರೆತವರು ಜಾಸ್ತಿ. ನಾನೂ ಅದೇ ಗುಂಪಿನವನು. ಆಮೇಲೆ ಕೆಲಸಕ್ಕೆ ಬೇಕಾಗಿ ಇಂಗ್ಲಿಷಿನಲ್ಲಿ ಇನ್ನೊಂದು ಸಲ ಕಲಿತೆ. ಆಗಲೂ ಪದ ಬಂತು, ವಿಷಯ ಬರಲಿಲ್ಲ. ವಿಷಯ ಹೊಳೆದಿದ್ದು ಒಂದು ಬೇಸಿಗೆ ರಜೆಯಲ್ಲಿ, ಅಕ್ಕನ ಮಗಳ ಜೊತೆ ಚೌಕಾಬಾರ ಆಡುತ್ತಾ ಕೂತಾಗ. ಅವಳು ಕವಡೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಮಾಮ, ಎರಡು ಇಷ್ಟು ಸಲ ಬೀಳುತ್ತೆ, ಎಂಟು ಯಾಕೆ ಬೀಳಲ್ಲ?"

ಆ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಲು ಹೊರಟರೆ ಮೇಲಿನ ಪದಗಳೆಲ್ಲ ಒಂದೊಂದಾಗಿ ತಾವೇ ಬರುತ್ತವೆ. ಅದಕ್ಕೇ ಈ ಲೇಖನವನ್ನು ಸುಮ್ನೆ ಓದಬೇಡಿ. ನಾಲ್ಕು ಕವಡೆ, ಒಂದು ನೋಟ್‌ಬುಕ್, ಒಂದು ಪೆನ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಕವಡೆ ಇಲ್ಲವೇ? ನಾಲ್ಕು ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಕಡೆ ಬಿಳಿ ಮಾಡಿಕೊಳ್ಳಿ, ಸಾಕು.

ಆಟ ಗೊತ್ತಿಲ್ಲದವರಿಗೆ ಗರದ ಲೆಕ್ಕ ಹೇಳಿಬಿಡುತ್ತೇನೆ. ಬಾಯಿ ಮೇಲಾಗಿ ಬಿದ್ದ ಕವಡೆ ಅಂಗಾತ, ಬಾಯಿ ನೆಲಕ್ಕಾಗಿ ಬಿದ್ದದ್ದು ಬೋರಲು. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಸೊನ್ನೆ ಅಲ್ಲ, ಬಾರ, ಅಂದರೆ ಎಂಟು. ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಸಲ ಹಾಕಬಹುದು. ನಿಮ್ಮ ಕಡೆ ನಿಯಮ ಬೇರೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ, ಲೆಕ್ಕ ಸ್ವಲ್ಪ ಬದಲಾಗುತ್ತದೆ ಅಷ್ಟೇ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಸಂಭವನೀಯತೆ, ಸಂಖ್ಯಾಶಾಸ್ತ್ರ ಎರಡೂ ಒಂದೇ ಅಧ್ಯಾಯದಂತೆ ಕಾಣುತ್ತವೆ, ಆದರೆ ಅವು ಎದುರುಬದುರು ದಿಕ್ಕಿನಿಂದ ಬರುವ ಎರಡು ಪ್ರಶ್ನೆಗಳು. ಕವಡೆ ಎಂಥದ್ದು ಅಂತ ಗೊತ್ತಿದೆ, ಗರ ಏನು ಬೀಳಬಹುದು ಅಂತ ಕೇಳಿದರೆ ಅದು ಸಂಭವನೀಯತೆ. ಏನೇನು ಗರ ಬಿತ್ತು ಅಂತ ಗೊತ್ತಿದೆ, ಕವಡೆ ಎಂಥದ್ದಿರಬಹುದು ಅಂತ ಕೇಳಿದರೆ ಅದು ಸಂಖ್ಯಾಶಾಸ್ತ್ರ. ಯಾವ ಪದ ಎದುರಾದರೂ ಅದು ಈ ಎರಡರಲ್ಲಿ ಯಾವ ಪ್ರಶ್ನೆಯ ಕಡೆಯದು ಅಂತ ಮೊದಲು ನೋಡಿಕೊಳ್ಳಿ.

ಹೆಜ್ಜೆ 1: ಕವಡೆ ಹಾಕಿ, ಬಿದ್ದ ರೀತಿಗಳನ್ನೆಲ್ಲ ಬರೆಯಿರಿ

ಒಂದು ಸಲ ಕವಡೆ ಹಾಕಿದಿರಿ. ಇದು ಯಾದೃಚ್ಛಿಕ ಪ್ರಯೋಗ. ಹೆಸರು ಭಾರ, ಅರ್ಥ ಹಗುರ: ಏನೇನು ಆಗಬಹುದು ಅಂತ ಮೊದಲೇ ಗೊತ್ತು, ಆದರೆ ಈ ಸಲ ಯಾವುದು ಆಗುತ್ತದೆ ಅಂತ ಗೊತ್ತಿಲ್ಲ. ಬಿದ್ದದ್ದು ಫಲಿತ. ಬೀಳಬಹುದಾದ ಎಲ್ಲ ಫಲಿತಗಳ ಪೂರ್ತಿ ಪಟ್ಟಿ ಫಲಿತಗಣ. ಇಂಗ್ಲಿಷ್ ಮೀಡಿಯಂನವರು ಸ್ಯಾಂಪಲ್ ಸ್ಪೇಸ್ ಅನ್ನುತ್ತಾರೆ.

ಈ ಪಟ್ಟಿ ಮಾಡುವಾಗಲೇ ಎಲ್ಲರೂ ಎಡವುವುದು. ಅಕ್ಕನ ಮಗಳನ್ನು ಕೇಳಿದರೆ "1, 2, 3, 4, 8, ಒಟ್ಟು ಐದು" ಅಂದಳು. ಐದರಲ್ಲಿ ಒಂದು ಎಂಟು, ಹಾಗಾಗಿ ಐದು ಸಲಕ್ಕೆ ಒಂದು ಸಲ ಬೀಳಬೇಕು ಅನ್ನುವುದು ಅವಳ ಲೆಕ್ಕ. ಆಗ ನಾನು ಅವಳ ನೇಲ್ ಪಾಲಿಶ್ ತರಿಸಿ ನಾಲ್ಕು ಕವಡೆಗೂ ಬೇರೆ ಬೇರೆ ಬಣ್ಣದ ಚುಕ್ಕೆ ಇಡಿಸಿದೆ. ನೀವೂ ಇಡಿ. ಕೆಂಪು ಅಂಗಾತ ಬಿದ್ದು ಉಳಿದ ಮೂರು ಬೋರಲಾದರೂ ಒಂದೇ ಗರ, ನೀಲಿ ಅಂಗಾತ ಬಿದ್ದು ಉಳಿದ ಮೂರು ಬೋರಲಾದರೂ ಒಂದೇ ಗರ, ಆದರೆ ನೆಲದ ಮೇಲೆ ಅವು ಬೇರೆ ಬೇರೆ. ಒಂದೊಂದು ಕವಡೆಗೂ ಎರಡು ದಾರಿ, ನಾಲ್ಕು ಕವಡೆಗೆ 2 × 2 × 2 × 2, ಒಟ್ಟು 16 ಫಲಿತ. ಹಠಕ್ಕೆ ಬಿದ್ದು ಹದಿನಾರನ್ನೂ ಬರೆಯಿರಿ. ಬರೆದ ಮೇಲೆ ಎಣಿಸಿದರೆ ಹೀಗೆ ಬರುತ್ತದೆ: ಒಂದು ಬೀಳುವ ದಾರಿ 4, ಎರಡು ಬೀಳುವ ದಾರಿ 6, ಮೂರಕ್ಕೆ 4, ನಾಲ್ಕಕ್ಕೆ 1, ಎಂಟಕ್ಕೆ 1.

ಅವಳ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತಲ್ವಾ? ಎರಡು ಬೀಳಲು ಆರು ದಾರಿ, ಎಂಟು ಬೀಳಲು ಒಂದೇ.

ಇಲ್ಲಿ ತಪ್ಪಿದವರು ಮಕ್ಕಳು ಮಾತ್ರ ಅಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ 1754ರಲ್ಲಿ, ಎರಡು ಸಲ ನಾಣ್ಯ ಚಿಮ್ಮಿದರೆ ಒಂದು ಸಲವಾದರೂ ತಲೆ ಬೀಳುವ ಸಂಭವನೀಯತೆ ಮೂರರಲ್ಲಿ ಎರಡು ಅಂತ ಬರೆದ. ಮೊದಲೇ ತಲೆ ಬಿದ್ದರೆ ಎರಡನೇ ಸಲ ಚಿಮ್ಮುವುದೇ ಬೇಡ ಅಂತ ಎರಡು ಫಲಿತವನ್ನು ಸೇರಿಸಿ ಒಂದೇ ಅಂತ ಎಣಿಸಿದ್ದ. ಸರಿ ಉತ್ತರ ನಾಲ್ಕರಲ್ಲಿ ಮೂರು.

ಹೆಜ್ಜೆ 2: ಫಲಿತಕ್ಕೂ ಗರಕ್ಕೂ ಇರುವ ವ್ಯತ್ಯಾಸ ಹಿಡಿಯಿರಿ

ಕವಡೆ ನೆಲದ ಮೇಲೆ ಬಿದ್ದ ರೀತಿ ಫಲಿತ. ಅದನ್ನು ಒಂದು ಸಂಖ್ಯೆಗೆ ತಿರುಗಿಸುವ ನಿಯಮಕ್ಕೆ ರ‍್ಯಾಂಡಮ್ ವೇರಿಯಬಲ್ ಅಂತ ಹೆಸರು, ಕನ್ನಡ ಪುಸ್ತಕಗಳಲ್ಲಿ ಯಾದೃಚ್ಛಿಕ ಚರ. ಡಿಗ್ರಿ ಓದುವವರೂ ತಡವರಿಸುವ ಈ ಪದ ಚೌಕಾಬಾರ ಆಡಿದವರಿಗೆ ಮೊದಲೇ ಗೊತ್ತಿರುವ ವಿಷಯ: ಅದು ಗರ. ನಾಲ್ಕೂ ಬೋರಲಾದರೆ ಸೊನ್ನೆ ಅನ್ನದೆ ಎಂಟು ಅಂತ ಎಣಿಸುವುದು ಕವಡೆಯ ಗುಣ ಅಲ್ಲ, ನಾವು ಮಾಡಿಕೊಂಡ ನಿಯಮ. ಯಾವ ಗರಕ್ಕೆ ಹದಿನಾರರಲ್ಲಿ ಎಷ್ಟು ಪಾಲು ಅಂತ ಈಗ ತಾನೆ ಎಣಿಸಿದಿರಲ್ಲ, ಆ ಪಟ್ಟಿಯೇ ವಿತರಣೆ, ಡಿಸ್ಟ್ರಿಬ್ಯೂಶನ್.

ನಿಮಗೆ ಬೇಕಾದ ಫಲಿತಗಳನ್ನು ಒಟ್ಟು ಹಾಕಿ ಒಂದು ಹೆಸರು ಕೊಟ್ಟರೆ ಅದು ಘಟನೆ. "ಇನ್ನೊಂದು ಸಲ ಹಾಕುವ ಅವಕಾಶ ಸಿಗುವುದು" ಒಂದು ಘಟನೆ, ಅದರಲ್ಲಿ ಎರಡು ಫಲಿತ ಇವೆ. "ಏಳು ಬೀಳುವುದು" ಅಸಂಭವ ಘಟನೆ. "ಒಂಬತ್ತಕ್ಕಿಂತ ಕಮ್ಮಿ ಬೀಳುವುದು" ಖಚಿತ ಘಟನೆ.

ಹೆಜ್ಜೆ 3: ಭಾಗಿಸಿ

ಬೇಕಾದ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ಸಂಭವನೀಯತೆ. ಎಂಟಕ್ಕೆ 16ರಲ್ಲಿ 1, ಅಂದರೆ 0.0625. ಎರಡಕ್ಕೆ 16ರಲ್ಲಿ 6. ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಒಂದನ್ನು ದಾಟುವುದಿಲ್ಲ, ನಿಮ್ಮ ಉತ್ತರ 1.3 ಬಂದರೆ ಎಲ್ಲೋ ಲೆಕ್ಕ ತಪ್ಪಿದೆ.

ಆದರೆ ಇದಕ್ಕೊಂದು ಷರತ್ತು ಇದೆ, ಪುಸ್ತಕ ಅದನ್ನು "ಸಮಸಂಭವನೀಯ" ಅನ್ನುವ ಒಂದೇ ಪದದಲ್ಲಿ ಹೇಳಿ ಮುಂದೆ ಹೋಗಿಬಿಡುತ್ತದೆ. ಹದಿನಾರು ಫಲಿತಗಳಿಗೂ ಸಮ ಅವಕಾಶ ಇರಬೇಕು. ಅಂದರೆ ಪ್ರತಿ ಕವಡೆಯೂ ಅಂಗಾತ ಬೀಳುವುದು, ಬೋರಲು ಬೀಳುವುದು ಎರಡೂ ಅರ್ಧರ್ಧ ಇರಬೇಕು. ನಾಣ್ಯಕ್ಕೆ ಅದು ಹೆಚ್ಚುಕಮ್ಮಿ ಸರಿ. ಕವಡೆಗೆ? ಒಂದನ್ನು ಕೈಗೆ ತೆಗೆದುಕೊಂಡು ನೋಡಿ. ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಎರಡು ಕಡೆಯೂ ಒಂದೇ ಥರ ಇಲ್ಲದ ವಸ್ತು ಎರಡು ಕಡೆಗೂ ಸಮನಾಗಿ ಬೀಳಬೇಕು ಅನ್ನಲು ಯಾವ ಕಾರಣವೂ ಇಲ್ಲ. ಸದ್ಯಕ್ಕೆ ಅರ್ಧ ಅಂತಲೇ ಇಟ್ಟುಕೊಳ್ಳೋಣ, ಈ ಅನುಮಾನಕ್ಕೆ ಕೊನೆಯ ಹೆಜ್ಜೆಯಲ್ಲಿ ವಾಪಸ್ ಬರುತ್ತೇನೆ.

ಹೆಜ್ಜೆ 4: ಎರಡು ಘಟನೆಗಳ ಸಂಬಂಧ ಕೇಳಿ

ಪೂರಕ ಘಟನೆ ಸುಲಭ: ಎಂಟು ಬೀಳದೇ ಇರುವುದು, 16ರಲ್ಲಿ 15. ಪರಸ್ಪರ ವರ್ಜಕ ಅಂದರೆ ಒಂದು ಆದರೆ ಇನ್ನೊಂದು ಆಗಲಾರದು. ಒಂದೇ ಸಲಕ್ಕೆ ಚೌಕವೂ ಬಾರವೂ ಬೀಳಲ್ಲ, ಹಾಗಾಗಿ "ನಾಲ್ಕು ಅಥವಾ ಎಂಟು" ಅಂದರೆ ಸುಮ್ನೆ ಕೂಡಿಸಬಹುದು, 16ರಲ್ಲಿ 2.

ಸ್ವತಂತ್ರ ಘಟನೆಗಳ ವಿಷಯ ಮಾತ್ರ ಸ್ವಲ್ಪ ನಿಂತು ನೋಡಬೇಕು. ನಮ್ಮ ಅಜ್ಜಿ ಎಂಟು ಬೇಕಾದಾಗ ಕವಡೆಯನ್ನು ಮುಷ್ಟಿಯಲ್ಲಿ ಹಿಡಿದು ಎರಡು ಸಲ ಊದುತ್ತಿದ್ದರು. ಬಿದ್ದರೆ "ನೋಡಿದ್ಯಾ" ಅನ್ನುವರು, ಬೀಳದಿದ್ದರೆ "ಸರಿಯಾಗಿ ಊದಲಿಲ್ಲ" ಅನ್ನುವರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವುದು ಇದಕ್ಕೇ. ಊದಿದ ಸಲ ಎಷ್ಟು ಬಿತ್ತು, ಊದದ ಸಲ ಎಷ್ಟು ಬಿತ್ತು ಅಂತ ಎರಡು ಪಟ್ಟಿ ಇಟ್ಟಿದ್ದರೆ ಸಂಬಂಧ ಇದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಎರಡು ವಿಷಯ ಒಟ್ಟೊಟ್ಟಿಗೆ ಏರಿ ಇಳಿದರೆ ಅದಕ್ಕೆ ಸಹಸಂಬಂಧ ಅನ್ನುತ್ತಾರೆ. ಹಾಗಿದ್ದರೂ ಒಂದು ಇನ್ನೊಂದಕ್ಕೆ ಕಾರಣ ಅಂತ ಆಗುವುದಿಲ್ಲ. ಮಾವಿನ ಹಣ್ಣಿನ ಮಾರಾಟ ಏರುವ ತಿಂಗಳಲ್ಲೇ ಕರೆಂಟ್ ಬಿಲ್ಲೂ ಏರುತ್ತದೆ. ಎರಡಕ್ಕೂ ಕಾರಣ ಬೇಸಿಗೆ, ಮಾವು ಅಲ್ಲ.

ಅಜ್ಜಿಯ ಇನ್ನೊಂದು ನಂಬಿಕೆ: "ಆಗಿನಿಂದ ಎಂಟು ಬಿದ್ದಿಲ್ಲ, ಈಗ ಬಿದ್ದೇ ಬೀಳುತ್ತೆ." ಕವಡೆಗೆ ನೆನಪು ಎಲ್ಲಿಂದ ಬರಬೇಕು? ಹಿಂದಿನ ಗರ ಮುಂದಿನ ಗರವನ್ನು ಮುಟ್ಟುವುದಿಲ್ಲ, ಅದೇ ಸ್ವತಂತ್ರ ಅನ್ನುವುದರ ಅರ್ಥ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಜೂಜಿನ ಮನೆಯಲ್ಲಿ, ಕೆಂಪು ಕಪ್ಪು ಮನೆಗಳಿರುವ ರೂಲೆಟ್ ಚಕ್ರದಲ್ಲಿ ಚೆಂಡು 26 ಸಲ ಸತತವಾಗಿ ಕಪ್ಪು ಮನೆಗೇ ಬಿತ್ತು. ಈ ಸಲ ಕೆಂಪು ಬಂದೇ ಬರುತ್ತದೆ ಅಂತ ಪ್ರತಿ ಸಲವೂ ಕೆಂಪಿಗೆ ಹಣ ಕಟ್ಟಿದವರೆಲ್ಲ ಮುಳುಗಿದರು.

ಸ್ವತಂತ್ರ ಘಟನೆಗಳು ಎರಡೂ ಆಗಬೇಕು ಅಂದರೆ ಗುಣಿಸಬೇಕು. ಇದರಿಂದ ಒಂದು ಮಜಾ ಲೆಕ್ಕ ಬರುತ್ತದೆ. 16ರಲ್ಲಿ 1 ಅಂದರೆ ಹದಿನಾರು ಸಲ ಹಾಕಿದಾಗ ಒಂದು ಸಲ ಎಂಟು ಬಿದ್ದೇ ಬೀಳುತ್ತದೆ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಹದಿನಾರು ಸಲವೂ ಬೀಳದಿರುವ ಸಂಭವನೀಯತೆ ಬೇಕಾದರೆ 16ರಲ್ಲಿ 15 ಅನ್ನುವುದನ್ನು ಹದಿನಾರು ಸಲ ಗುಣಿಸಿ. ಸುಮಾರು 0.36 ಬರುತ್ತದೆ. ಅಂದರೆ ಮೂರಕ್ಕೆ ಒಂದು ಸಲಕ್ಕಿಂತ ಜಾಸ್ತಿ ನಿಮಗೆ ಹದಿನಾರು ಗರದಲ್ಲಿ ಒಂದೂ ಎಂಟು ಸಿಗುವುದಿಲ್ಲ.

ಷರತ್ತುಬದ್ಧ ಸಂಭವನೀಯತೆಗೆ ಕಣ್ಣಿಗೆ ಕಟ್ಟುವ ಉದಾಹರಣೆ ಆಟದಲ್ಲೇ ಇದೆ. ಕವಡೆ ಹಾಕಿದ್ದೀರಿ. ಮೂರು ಅಂಗಾತ ಬಿದ್ದು ನಿಂತಿವೆ. ನಾಲ್ಕನೆಯದು ಇನ್ನೂ ಗಿರಗಿರ ತಿರುಗುತ್ತಿದೆ. ಕೈಯಲ್ಲಿ ಇದ್ದಾಗ ಚೌಕ ಬೀಳುವ ಅವಕಾಶ 16ರಲ್ಲಿ 1 ಇತ್ತು. ಈಗ ಅರ್ಧ. ಎಂಟು ಬೀಳುವ ಅವಕಾಶ ಸೊನ್ನೆ. ಏನೋ ಒಂದು ಗೊತ್ತಾದ ಕೂಡಲೇ ಫಲಿತಗಣ ಚಿಕ್ಕದಾಯಿತು, ಉಳಿದ ಪಟ್ಟಿಯಲ್ಲಿ ಮತ್ತೆ ಎಣಿಸಿದಿರಿ, ಅಷ್ಟೇ. ಈ "ಹೀಗಾದರೆ" ಅನ್ನುವುದನ್ನು ಉಲ್ಟಾ ಮಾಡಬೇಡಿ. ಮಳೆ ಬರುತ್ತಿದ್ದರೆ ಮೋಡ ಇರುವ ಸಂಭವನೀಯತೆ ಹತ್ತಿರಹತ್ತಿರ ಒಂದು. ಮೋಡ ಇದ್ದರೆ ಮಳೆ ಬರುವ ಸಂಭವನೀಯತೆ ಎಷ್ಟು ಅಂತ ಬೆಂಗಳೂರಿನಲ್ಲಿ ಮಹಡಿ ಮೇಲೆ ಬಟ್ಟೆ ಒಣಹಾಕುವವರನ್ನು ಕೇಳಿ.

ಹೆಜ್ಜೆ 5: ಈಗ ದಿಕ್ಕು ಬದಲಿಸಿ, ಗರ ಬರೆಯಲು ಶುರು ಮಾಡಿ

ಇಲ್ಲಿಂದ ಸಂಖ್ಯಾಶಾಸ್ತ್ರ. ಹತ್ತು ಸಲ ಹಾಕಿದಾಗ ಹೀಗೆ ಬಿತ್ತು ಅಂತ ಇಟ್ಟುಕೊಳ್ಳಿ: 2, 1, 3, 2, 8, 2, 1, 3, 2, 1. ಈ ಸಾಲು ದತ್ತಾಂಶ. ಎರಡು ನಾಲ್ಕು ಸಲ ಬಂದಿದೆ, ಹಾಗಾಗಿ ಎರಡರ ಆವೃತ್ತಿ 4. ಹತ್ತರಲ್ಲಿ ನಾಲ್ಕು, 0.4, ಅದು ಸಾಪೇಕ್ಷ ಆವೃತ್ತಿ. ಲೆಕ್ಕದ ಪ್ರಕಾರ 16ರಲ್ಲಿ 6, ಅಂದರೆ 0.375 ಇರಬೇಕಿತ್ತು. ಹಾಕುತ್ತಾ ಹಾಕುತ್ತಾ ಹೋದಂತೆ, ಐವತ್ತು, ಐನೂರು, ಐದು ಸಾವಿರ ಸಲ ಆದಂತೆ, ಸಾಪೇಕ್ಷ ಆವೃತ್ತಿ ನಿಜವಾದ ಸಂಭವನೀಯತೆಯ ಹತ್ತಿರ ಬಂದು ನಿಲ್ಲುತ್ತದೆ. ಇದನ್ನು ದೊಡ್ಡ ಸಂಖ್ಯೆಗಳ ನಿಯಮ ಅನ್ನುತ್ತಾರೆ. ಗಮನಿಸಿ, ಇದು ದೊಡ್ಡ ಸಂಖ್ಯೆಗಳಿಗೆ ಮಾತ್ರ ಅನ್ವಯ, ಅಜ್ಜಿ ಇದನ್ನೇ ಮುಂದಿನ ಒಂದು ಗರಕ್ಕೆ ಅನ್ವಯಿಸುತ್ತಿದ್ದರು.

ಹೆಜ್ಜೆ 6: ನಡು ಹುಡುಕಿ

ಹತ್ತನ್ನೂ ಕೂಡಿಸಿ ಹತ್ತರಿಂದ ಭಾಗಿಸಿ. 25 ಭಾಗಿಸು 10, ಸರಾಸರಿ 2.5. ಕವಡೆಯಲ್ಲಿ ಎರಡೂವರೆ ಅನ್ನುವ ಗರವೇ ಇಲ್ಲ, ನೋಡಿ. ಸರಾಸರಿ ಅಂದರೆ ಎಲ್ಲರಿಗೂ ಸಮನಾಗಿ ಹಂಚಿದರೆ ಎಷ್ಟು ಬರುತ್ತಿತ್ತು ಅನ್ನುವ ಲೆಕ್ಕ, ನಿಜಕ್ಕೂ ಬಂದ ಸಂಖ್ಯೆ ಅಲ್ಲ.

ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ: 1, 1, 1, 2, 2, 2, 2, 3, 3, 8. ಸರಿಯಾಗಿ ನಡುವೆ ನಿಂತದ್ದು ಮಧ್ಯಾಂಕ. ಹತ್ತು ಇರುವುದರಿಂದ ನಡುವೆ ಇಬ್ಬರು, ಐದನೆಯದೂ ಆರನೆಯದೂ 2, ಹಾಗಾಗಿ ಮಧ್ಯಾಂಕ 2. ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಬಹುಲಕ, ಹಳೆಯ ಪುಸ್ತಕಗಳಲ್ಲಿ ರೂಢಿಬೆಲೆ. ಇಲ್ಲಿ ಅದೂ 2.

ಮೂರರಲ್ಲಿ ಯಾವುದು ಒಳ್ಳೆಯದು? ಆ 8 ಒಂದನ್ನು ಬೆರಳಿನಿಂದ ಮುಚ್ಚಿ. ಉಳಿದ ಒಂಬತ್ತರ ಸರಾಸರಿ 1.9ಕ್ಕೆ ಕುಸಿಯುತ್ತದೆ, ಮಧ್ಯಾಂಕ 2ರಲ್ಲೇ ಇರುತ್ತದೆ. ಗುಂಪಿನಿಂದ ದೂರ ನಿಂತ ಇಂಥ ಒಬ್ಬನಿಗೆ ಔಟ್‌ಲೈಯರ್ ಅನ್ನುತ್ತಾರೆ. ಪೇಪರಿನಲ್ಲಿ ಸರಾಸರಿ ಆದಾಯ, ಸರಾಸರಿ ಸಂಬಳ ಅಂತ ಓದಿದಾಗ ಮಧ್ಯಾಂಕ ಎಷ್ಟು ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಸಂಬಳದ ಪಟ್ಟಿಯಲ್ಲಿ ಬಾರ ಬಿದ್ದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಇದು ಕೈಗೆ ಸಿಕ್ಕಿದ ಗರಗಳ ಸರಾಸರಿ. ಕವಡೆ ಹಾಕುವ ಮುಂಚೆಯೇ ವಿತರಣೆಯಿಂದ ಲೆಕ್ಕ ಹಾಕಿದರೆ ಬರುವುದು ನಿರೀಕ್ಷಿತ ಬೆಲೆ. ಒಂದು 4 ದಾರಿ, ಎರಡು 6 ದಾರಿ, ಮೂರು 4 ದಾರಿ, ನಾಲ್ಕು ಒಂದು ದಾರಿ, ಎಂಟು ಒಂದು ದಾರಿ. 4 + 12 + 12 + 4 + 8 ಅಂದರೆ 40, ಭಾಗಿಸು 16, ಇದೂ 2.5. ಎರಡೂ ಒಂದೇ ಬಂದದ್ದು ನಾನು ಉದಾಹರಣೆಯನ್ನು ಹಾಗೆ ಆರಿಸಿಕೊಂಡಿದ್ದರಿಂದ. ನಿಮ್ಮ ಹತ್ತು ಗರಕ್ಕೆ ಹಾಗೆ ಬರಬೇಕಾಗಿಲ್ಲ.

ಹೆಜ್ಜೆ 7: ಎಷ್ಟು ಹರಡಿದೆ ಅಂತ ಅಳೆಯಿರಿ

ದೊಡ್ಡದರಲ್ಲಿ ಸಣ್ಣದು ಕಳೆದರೆ ವ್ಯಾಪ್ತಿ, 8 − 1, ಏಳು. ಸುಲಭ, ಆದರೆ ಒರಟು. ಮಾನಕ ವಿಚಲನೆ ಅದಕ್ಕಿಂತ ಸೂಕ್ಷ್ಮ. ಸೂತ್ರಕ್ಕೆ ಹೆದರಬೇಡಿ, ಮಾಡುವ ಕೆಲಸ ಇಷ್ಟೇ: ಪ್ರತಿ ಗರ ಸರಾಸರಿಯಿಂದ ಎಷ್ಟು ದೂರ ನೋಡಿ, ಆ ದೂರವನ್ನು ವರ್ಗ ಮಾಡಿ (ಇಲ್ಲದಿದ್ದರೆ ಮೇಲಿನದು ಕೆಳಗಿನದು ಹೊಡೆದುಹೋಗಿ ಸೊನ್ನೆ ಬರುತ್ತದೆ), ಎಲ್ಲದರ ಸರಾಸರಿ ತೆಗೆಯಿರಿ, ಕೊನೆಗೆ ವರ್ಗಮೂಲ. ನಮ್ಮ ಹತ್ತು ಗರಕ್ಕೆ ವರ್ಗಗಳ ಮೊತ್ತ 38.5, ಹತ್ತರಿಂದ ಭಾಗಿಸಿದರೆ 3.85, ಇದು ವೇರಿಯನ್ಸ್. ಅದರ ವರ್ಗಮೂಲ ಸುಮಾರು 1.96, ಇದು ಮಾನಕ ವಿಚಲನೆ. ಮತ್ತೆ ಆ 8ನ್ನು ಮುಚ್ಚಿ ಲೆಕ್ಕ ಮಾಡಿ, 0.74ಕ್ಕೆ ಇಳಿಯುತ್ತದೆ.

ನಡು ಗೊತ್ತಾಗಿ ಹರಡುವಿಕೆ ಗೊತ್ತಾಗದಿದ್ದರೆ ಏನಾಗುತ್ತದೆ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಚಳ್ಳಕೆರೆ ಕಡೆ 500ರ ಆಸುಪಾಸು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆಯನ್ನು ನಂಬಿ ಎರಡೂ ಊರಲ್ಲಿ ಏನನ್ನೂ ಬೆಳೆಯಲಾಗುವುದಿಲ್ಲ.

ಹೆಜ್ಜೆ 8: ಒಂದಗುಳು ನೋಡಿ ಅನ್ನ ಬೆಂದಿದೆ ಅನ್ನುವುದು

ಪಾತ್ರೆಯ ಅನ್ನವೆಲ್ಲ ಸಮಷ್ಟಿ, ಪಾಪ್ಯುಲೇಶನ್. ಹಿಸುಕಿ ನೋಡಿದ ಅಗುಳು ಸ್ಯಾಂಪಲ್. ಅಗುಳಿನಿಂದ ಪಾತ್ರೆಯ ಬಗ್ಗೆ ಹೇಳಿದ ಮಾತು ಅಂದಾಜು. ಮೇಲಿನ ಅಗುಳು ಮಾತ್ರ ನೋಡಿ ತಳ ಹಿಡಿದದ್ದು ಗೊತ್ತಾಗದಿದ್ದರೆ ಅದು ಬಯಾಸ್. ತಪ್ಪು ಅಗುಳಿನದಲ್ಲ, ಆರಿಸಿದ ರೀತಿಯದು. ಅದೇ ರೀತಿಯಲ್ಲಿ ಇನ್ನೂ ನೂರು ಅಗುಳು ನೋಡಿದರೂ ತಳದ ಸುದ್ದಿ ಸಿಗಲ್ಲ.

ಅಮೆರಿಕದಲ್ಲಿ 1936ರ ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಉತ್ತರ ತರಿಸಿಕೊಂಡು, ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಎರಡು ರಾಜ್ಯ ಬಿಟ್ಟು ಎಲ್ಲ ಕಡೆ. ಟೆಲಿಫೋನ್ ಮತ್ತು ಕಾರು ಇಟ್ಟುಕೊಂಡವರ ಪಟ್ಟಿಗಳಿಂದ ಹೆಸರು ಎತ್ತಿಕೊಂಡಿದ್ದು ಒಂದು ತಪ್ಪು, ಉತ್ತರ ಬರೆಯಲು ಮನಸ್ಸು ಮಾಡಿದವರ ಮಾತನ್ನೇ ಎಲ್ಲರ ಮಾತು ಅಂದುಕೊಂಡಿದ್ದು ಇನ್ನೊಂದು.

ನಮ್ಮ ಕಡೆ ಅಂದಾಜಿನ ಕಥೆ ಇನ್ನೂ ಹಳೆಯದು. ಮಹಾಭಾರತದ ನಳನ ಕಥೆಯಲ್ಲಿ ಋತುಪರ್ಣ ರಾಜ ರಥದಲ್ಲಿ ಹೋಗುತ್ತಾ ಒಂದು ತಾರೆ ಮರದ ಎಲೆ, ಕಾಯಿ ಎಷ್ಟು ಅಂತ ಹೇಳಿಬಿಡುತ್ತಾನೆ. ನಳ ನಂಬದೆ ಇಳಿದು ಎಣಿಸುತ್ತಾನೆ, ಸರಿ ಇರುತ್ತದೆ. ಅದೇ ಋತುಪರ್ಣ ನಳನಿಗೆ ಕಲಿಸಿದ್ದು ಅಕ್ಷಹೃದಯ, ಪಗಡೆಯ ಗುಟ್ಟು. ದಾಳವೂ ಅಂದಾಜೂ ಒಬ್ಬನ ಬಳಿಯೇ ಇದ್ದದ್ದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ. ಅಂದಾಜಿನ ಮಾತು ಬಂದ ಮೇಲೆ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರನ್ನು ಬಿಡುವಂತಿಲ್ಲ. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರ ಆಗಬಹುದು, ಅದಕ್ಕೆ ಮೀರಲಾಗದ ಮಿತಿ ಯಾವುದು ಅಂತ 1945ರಲ್ಲೇ ತೋರಿಸಿದರು, ಜಗತ್ತೆಲ್ಲ ಅದನ್ನು ಕ್ರಾಮರ್-ರಾವ್ ಮಿತಿ ಅನ್ನುತ್ತದೆ.

ಹೆಜ್ಜೆ 9: ಕವಡೆಯನ್ನೇ ವಿಚಾರಣೆ ಮಾಡಿ

ಈಗ ಮೂರನೇ ಹೆಜ್ಜೆಯ ಅನುಮಾನಕ್ಕೆ ಬರೋಣ. 160 ಸಲ ಕವಡೆ ಹಾಕಿ ಎಂಟು ಎಷ್ಟು ಸಲ ಬಿತ್ತು ಬರೆದುಕೊಳ್ಳಿ. ಕವಡೆ ಅರ್ಧರ್ಧ ಬೀಳುವಂಥದ್ದಾದರೆ ಸುಮಾರು 10 ಸಲ ಬೀಳಬೇಕು, ಹಿಂದೆ ಮುಂದೆ ಮೂರು ಆಚೀಚೆ ಆಗುವುದು ಮಾಮೂಲು (ಇಲ್ಲಿ ಮಾನಕ ವಿಚಲನೆ ಸುಮಾರು 3). 20 ಸಲ ಬಿತ್ತು ಅಂತ ಇಟ್ಟುಕೊಳ್ಳಿ. ಏನು ಹೇಳುತ್ತೀರಿ?

ಮೊದಲು ಕವಡೆಯ ತಪ್ಪಿಲ್ಲ ಅಂತಲೇ ನಂಬಿ ಶುರು ಮಾಡಬೇಕು. ಈ ನಂಬಿಕೆಗೆ ನಲ್ ಹೈಪಾಥಿಸಿಸ್ ಅಂತ ಹೆಸರು. ಆಮೇಲೆ ಕೇಳಬೇಕು: ತಪ್ಪಿಲ್ಲದ ಕವಡೆಯಲ್ಲಿ 20 ಅಥವಾ ಅದಕ್ಕಿಂತ ಜಾಸ್ತಿ ಸಲ ಎಂಟು ಬೀಳುವ ಸಂಭವನೀಯತೆ ಎಷ್ಟು? ಲೆಕ್ಕ ಮಾಡಿದರೆ ಸಾವಿರಕ್ಕೆ ಎರಡು ಮೂರು ಸಲ. ಈ ಸಂಖ್ಯೆಯೇ ಪಿ-ವ್ಯಾಲ್ಯೂ. ಎಷ್ಟೋ ಜನ ಇದನ್ನು "ಕವಡೆ ಸರಿ ಇರುವ ಸಂಭವನೀಯತೆ" ಅಂತ ಓದುತ್ತಾರೆ. ಅಲ್ಲ. ಮೋಡ ಮತ್ತು ಮಳೆಯ ಹಾಗೆ ಇದೂ ಉಲ್ಟಾ ಓದಿದ ತಪ್ಪು. ಇಷ್ಟು ಕಮ್ಮಿ ಬಂದ ಮೇಲೆ "ಕವಡೆ ಅರ್ಧರ್ಧ" ಅನ್ನುವ ನಂಬಿಕೆಯನ್ನು ಬಿಟ್ಟುಬಿಡುವುದು ವಾಸಿ. ಬದಲಿಗೆ, ಪ್ರತಿ ಕವಡೆ ನೂರಕ್ಕೆ 40 ಸಲ ಮಾತ್ರ ಅಂಗಾತ ಬೀಳುತ್ತದೆ ಅಂದುಕೊಂಡು ನೋಡಿ. ನಾಲ್ಕೂ ಬೋರಲಾಗಲು 0.6 ಅನ್ನು ನಾಲ್ಕು ಸಲ ಗುಣಿಸಬೇಕು, 0.13 ಬರುತ್ತದೆ, 160ಕ್ಕೆ ಸುಮಾರು 21. ನೋಟ್‌ಬುಕ್ಕಿನ 20ಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಹತ್ತು ಪರ್ಸೆಂಟ್ ವಾಲಿದ್ದಕ್ಕೇ ಎಂಟು ದುಪ್ಪಟ್ಟಾಯಿತು, ನೋಡಿ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿ, ಕವಡೆ ವಾಲಿದ್ದರೆ ಆಟದಲ್ಲಿ ಮೋಸ ಆಗುತ್ತದೆ, ಹುಣಸೆ ಬೀಜ ತಾ ಅಂದೆ. ಅವಳು ಏಳಲಿಲ್ಲ. "ಇಬ್ಬರೂ ಇದೇ ಕವಡೆ ಹಾಕುತ್ತೀವಲ್ಲ ಮಾಮ, ಮೋಸ ಹೇಗಾಗುತ್ತೆ?" ಅಂದಳು, ನಾನು ಬಾಯಿ ತೆರೆಯುವಷ್ಟರಲ್ಲಿ ಕವಡೆ ಹಾಕಿಯೂ ಬಿಟ್ಟಳು. ಮೂರು ಬಿತ್ತು, ನನ್ನ ಕಾಯಿ ಹೊಡೆದಳು.